‘ಅದನ್ನೇ ಬರೆದು ಕೊಡಿ ಸಾರ್’

ಓದುಗರ ಪತ್ರ: ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಮಳೆ ಜೋರಾದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಹೆಡ್‌ಮಾಸ್ಟರು ‘ಸ್ಪೆಷಲ್ ಸ್ಕೂಲಿಗೆ ಸೇರಿಸಿ’ ಅನ್ನುತ್ತಾರೆ. ದಿನಾ ಶಿವಮೊಗ್ಗಕ್ಕೆ ಹೋಗಿ ಬರುವುದು ಆಗುವ ಮಾತಾ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೊದಲು ಆ ಮಳೆಯ ವಿಚಾರ ತಾಯಿ. ನಿಮ್ಮ ಕಡೆ ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಕೂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು ನಮಗಿಂತ ಜಾಸ್ತಿ ಬಡಿಯುತ್ತದೆ. ಅವನು ಓಡುವುದು ಹಠಕ್ಕಲ್ಲ, ತಡೆಯಲಾಗದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಟೀಚರಿಗೆ ಕೊಡಿ. ಯಾವುದಕ್ಕೆ ಗಾಬರಿ, ಏನು ಮಾಡಿದರೆ ಸಮಾಧಾನ, ಹಸಿವಾದರೆ ಹೇಗೆ ತೋರಿಸುತ್ತಾನೆ, ಎಲ್ಲಾ. ಅವನನ್ನು ನಿಮ್ಮಷ್ಟು ಬಲ್ಲವರು ಯಾವ ಆಫೀಸಿನಲ್ಲೂ ಇಲ್ಲ.

ಕೇಳುವುದನ್ನು ಬಿಡಿಸಿ ಕೇಳಿ. ‘ಚೆನ್ನಾಗಿ ನೋಡಿಕೊಳ್ಳಿ’ ಅಂದರೆ ಯಾರಾದರೂ ಹೂಂ ಅನ್ನುತ್ತಾರೆ. ‘ಮಳೆ ಹೊಡೆಯುವಾಗ ಹೆಂಚಿನ ಕೋಣೆಯಲ್ಲಿ ಕೂರಿಸಿ, ಕಿವಿ ಮುಚ್ಚುವ ಹೆಡ್‌ಫೋನ್ ನಾನೇ ಕಳಿಸುತ್ತೇನೆ’ ಅಂದರೆ ಆಗುತ್ತೆ, ಆಗಲ್ಲ, ಎರಡರಲ್ಲಿ ಒಂದು ಹೇಳಲೇಬೇಕು.

ಇನ್ನು ಸ್ಪೆಷಲ್ ಸ್ಕೂಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದ್ದರೆ, 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು 31ನೇ ಸೆಕ್ಷನ್ನಿನಲ್ಲಿದೆ. ಎಲ್ಲಿ ಅನ್ನುವ ಆಯ್ಕೆ ನಿಮ್ಮ ಕಡೆಯದು, ಹೆಡ್‌ಮಾಸ್ಟರದ್ದಲ್ಲ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಆಗಿಲ್ಲವಾದರೆ ಇವತ್ತೇ ಅರ್ಜಿ ಹಾಕಿ. ಅದು ಬರುವ ತನಕವೂ ಸರ್ಕಾರಿ ಶಾಲೆ ಭೇದ ಮಾಡುವಂತಿಲ್ಲ.

ಹಾಗಂತ ಜಗಳಕ್ಕೆ ನಿಲ್ಲಬೇಡಿ. ಒಂದೇ ಕೋಣೆಯಲ್ಲಿ ಮೂರು ಕ್ಲಾಸು ಹಿಡಿದು ಕೂತ ನಲಿಕಲಿ ಟೀಚರ ಕಷ್ಟವೂ ಸುಳ್ಳಲ್ಲ. ಆದರೆ ನಲಿಕಲಿಯಲ್ಲಿ ಮಗು ತನ್ನ ವೇಗದಲ್ಲೇ ಒಂದೊಂದು ಕಾರ್ಡ್ ಮುಗಿಸಿ ಮುಂದೆ ಹೋಗುತ್ತದೆ, ಅಲ್ವಾ? ನಿಮ್ಮ ಮಗನಿಗೆ ಇದು ಒಗ್ಗುತ್ತದೆ ಅಂತ ನನಗನಿಸುತ್ತದೆ. ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಅವರು ಶಾಲೆಗೆ ಬಂದು ನೋಡಲಿ ಅಂತ ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಬರೆದು ಅದರಲ್ಲೇ ಕೇಳಿ.

ಅರ್ಜಿ ಎರಡು ಪ್ರತಿ ಇರಲಿ. ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ. ‘ಬೇರೆ ಕಡೆ ಸೇರಿಸಿ’ ಅಂತ ಮತ್ತೆ ಅಂದರೆ, ‘ಅದನ್ನೇ ಬರೆದು ಕೊಡಿ ಸಾರ್’ ಅನ್ನಿ. ಸಿಟ್ಟಿಲ್ಲದೆ ಅನ್ನಿ. ಸಾಮಾನ್ಯವಾಗಿ ಮಾತು ಅಲ್ಲಿಗೇ ತಣ್ಣಗಾಗುತ್ತದೆ. ಬರೆದೇ ಕೊಟ್ಟರೆ ಆ ಕಾಗದ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ನಡೆಯಿರಿ. ಒಬ್ಬರೇ ಹೋಗಬೇಡಿ. ನೀವು ಮಾತಾಡುವಾಗ ಮನೆಯವರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ.