ಚಾಲ್ಕೋಪೈರೈಟ್ ಅರ್ಧದಲ್ಲೇ ಕರಗುವುದನ್ನು ನಿಲ್ಲಿಸುವುದೇಕೆ?

ಪ್ರಶ್ನೆ: ಚಾಲ್ಕೋಪೈರೈಟ್ (ತಾಮ್ರ, ಕಬ್ಬಿಣ, ಗಂಧಕ ಸೇರಿದ ಅದಿರು) ಪುಡಿಯನ್ನು ಗಂಧಕಾಮ್ಲದಲ್ಲಿ ಹಾಕಿ ಫೆರಿಕ್ ಸಲ್ಫೇಟ್ ಸೇರಿಸಿದೆ. ಮೊದಲು ತಾಮ್ರ ಚೆನ್ನಾಗಿಯೇ ಕರಗಿತು, ಆಮೇಲೆ ವೇಗ ಕುಸಿಯಿತು. ಇನ್ನಷ್ಟು ಫೆರಿಕ್ ಹಾಕಿದರೂ ಚೇತರಿಸಲಿಲ್ಲ. ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಪುಡಿ ಬೆರೆಸಿದಾಗ ಮಾತ್ರ ಮತ್ತೆ ಚುರುಕಾಯಿತು. ಏಕೆ?

ಉತ್ತರ: ಆಮ್ಲ ಖನಿಜವನ್ನು ತಿನ್ನುತ್ತದೆ ಎಂಬ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಇಲ್ಲಿ ಆಮ್ಲದ್ದು ಪೋಷಕ ಪಾತ್ರ. ಗಂಧಕ ಸೇರಿದ ಈ ಸಲ್ಫೈಡುಗಳು ಅರೆವಾಹಕಗಳು, ಎಲೆಕ್ಟ್ರಾನ್ ಅವುಗಳೊಳಗೆ ಹರಿಯಬಲ್ಲದು. ಹೀಗಾಗಿ ಕಣದ ಒಂದು ಜಾಗ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ, ಮತ್ತೊಂದು ಜಾಗದಲ್ಲಿ ಫೆರಿಕ್ ಅಯಾನು (ಮೂರು ಧನಾವೇಶದ ಕಬ್ಬಿಣ) ಆ ಎಲೆಕ್ಟ್ರಾನ್ ಪಡೆದು ಫೆರಸ್ (ಎರಡು ಧನಾವೇಶದ್ದು) ಆಗುತ್ತದೆ. ಪೈರೈಟ್ ಗಾಳಿಯಲ್ಲಿ ಉತ್ಕರ್ಷಣಗೊಂಡಾಗಲೂ ಹುಟ್ಟುವ ಸಲ್ಫೇಟಿನಲ್ಲಿರುವ ಆಮ್ಲಜನಕದ ಬಹುಪಾಲು ನೀರಿನದೇ ಹೊರತು ಗಾಳಿಯದಲ್ಲ; ಗಾಳಿಯ ಆಮ್ಲಜನಕ ಬೇರೊಂದು ಜಾಗದಲ್ಲಿ ಎಲೆಕ್ಟ್ರಾನ್ ಪಡೆಯುತ್ತದಷ್ಟೆ. ಎಲೆಕ್ಟ್ರಾನ್ ಕೊಡುವ ಕಡೆ ಬೇರೆ, ಪಡೆಯುವ ಕಡೆ ಬೇರೆ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷ್ಯ ಇದು.

ಒಂದು ಚಾಲ್ಕೋಪೈರೈಟ್ ಘಟಕಕ್ಕೆ 4 ಫೆರಿಕ್ ಅಯಾನುಗಳು ಬೇಕು. ತಾಮ್ರ, ಕಬ್ಬಿಣ ದ್ರಾವಣಕ್ಕಿಳಿಯುತ್ತವೆ, ಗಂಧಕದ ಬಹುಪಾಲು ಧಾತುರೂಪದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಮೇಲ್ಮೈಯಲ್ಲಿ ಒಂದು ತೆಳುಪೊರೆ ಕೂರುತ್ತದೆ. ಅದು ಗಂಧಕವೋ, ಲೋಹ ಕಡಿಮೆಯಾದ ಪಾಲಿಸಲ್ಫೈಡೋ, ಜಾರೊಸೈಟೋ (ಕಬ್ಬಿಣದ ಒಂದು ಸಲ್ಫೇಟ್ ಖನಿಜ) ಎಂಬ ಜಗಳ ದಶಕಗಳಿಂದ ನಡೆಯುತ್ತಲೇ ಇದೆ. ಪೊರೆ ಏನೇ ಆಗಿರಲಿ, ದ್ರಾವಣದ ವಿಭವ (ಎಲೆಕ್ಟ್ರಾನ್ ಸೆಳೆಯುವ ಬಲ, ವೋಲ್ಟಿನಲ್ಲಿ) ಏರಿದಷ್ಟೂ ಅದು ಕಾಟ ಕೊಡುತ್ತದೆ. ನೀವು ಫೆರಿಕ್ ಸುರಿದು ಮಾಡಿದ್ದು ಅದನ್ನೇ! ಫೆರಸ್ ಪಾಲು ಸಾಕಷ್ಟಿದ್ದು ವಿಭವ ತಗ್ಗಿದ್ದರೆ ಚಾಲ್ಕೋಪೈರೈಟ್ ಹೆಚ್ಚು ಬೇಗ ಕರಗುತ್ತದೆ. ಕೇಳಲು ವಿಚಿತ್ರ, ಆದರೆ ಅಳೆದು ನೋಡಿ.

ಇನ್ನು ಪೈರೈಟ್. ಅದರ ವಿಶ್ರಾಂತಿ ವಿಭವ (ಹೊರಗಿನಿಂದ ವಿದ್ಯುತ್ ಹರಿಸದಾಗ ದ್ರಾವಣದಲ್ಲಿ ಅದು ತೋರುವ ವಿಭವ) ಚಾಲ್ಕೋಪೈರೈಟಿನದಕ್ಕಿಂತ ಸುಮಾರು 0.1 ವೋಲ್ಟ್ ಹೆಚ್ಚು. ಎರಡೂ ತಾಗಿದಾಗ ಪೈರೈಟ್ ಕ್ಯಾಥೋಡ್ (ಎಲೆಕ್ಟ್ರಾನ್ ಫೆರಿಕ್‌ಗೆ ದಾಟುವ ಕಡೆ) ಆಗಿ ತಾನು ಉಳಿದುಕೊಳ್ಳುತ್ತದೆ, ಆನೋಡ್ (ಎಲೆಕ್ಟ್ರಾನ್ ಕೊಡುವ ಕಡೆ) ಆದ ಚಾಲ್ಕೋಪೈರೈಟ್ ಕರಗುತ್ತದೆ. ಫೆರಿಕ್ ಅಯಾನಿಗೆ ಎಲೆಕ್ಟ್ರಾನ್ ಪಡೆಯಲು ಪೈರೈಟಿನ ವಿಶಾಲ ಮೇಲ್ಮೈ ಸಿಗುವುದರಿಂದ ಪೊರೆ ಹೊದ್ದ ಕಣದ ಮುಂದೆ ಕಾಯಬೇಕಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ತಾಮ್ರ ತೆಗೆಯುವ ಗ್ಯಾಲ್ವನಾಕ್ಸ್ ವಿಧಾನ ನಿಂತಿರುವುದು ಇದೇ ತಂತ್ರದ ಮೇಲೆ.

ಅನುಮಾನವಿದ್ದರೆ ಪೈರೈಟನ್ನು ಆಮ್ಲಕ್ಕೆ ಬಗ್ಗದ ಜಾಲರಿ ಚೀಲದಲ್ಲಿ ಕಟ್ಟಿ ಅದೇ ಪಾತ್ರೆಯಲ್ಲಿಡಿ. ಕಣಗಳು ಪರಸ್ಪರ ತಾಗದಿದ್ದರೆ ಈ ಚುರುಕು ಕಾಣಿಸಬಾರದು. ಒಂದು ಎಚ್ಚರಿಕೆ: ಎಲ್ಲ ಪೈರೈಟುಗಳೂ ಒಂದೇ ರೀತಿ ನೆರವಾಗುವುದಿಲ್ಲ. ಬೆಳ್ಳಿಯ ಲೇಶ ಇರುವ ಮಾದರಿ ಹೆಚ್ಚು ಪರಿಣಾಮಕಾರಿ, ಆದ್ದರಿಂದ ಮಾದರಿ ಬದಲಿಸಿದಾಗ ಫಲಿತಾಂಶ ಮಂಕಾದರೆ ಮೊದಲು ಬೆಳ್ಳಿಯ ಪ್ರಮಾಣ ಪರೀಕ್ಷಿಸಿ.