ಟೆಕ್ಸಸ್‌ನಲ್ಲಿ ಪಿಸ್ತೂಲನ್ನು ಮರೆಯಾಗಿ ಒಯ್ಯಲು ಪರವಾನಗಿ ಪಡೆಯುವುದು ಹೇಗೆ? ಹೋಲ್‌ಸ್ಟರ್ (ಪಿಸ್ತೂಲನ್ನು ಇಡುವ ಒರೆ) ಮತ್ತು ಬೆಲ್ಟ್ ಯಾವುದು ಒಳ್ಳೆಯದು?

ನೀವು ಬರೆದಿರುವುದರಿಂದ ನಾನು ತಿಳಿದುಕೊಂಡದ್ದು ಇಷ್ಟು. ನಿಮಗೆ ಗ್ರೀನ್ ಕಾರ್ಡ್ ಬಂದು ಒಂದು ವರ್ಷವಾಗಿದೆ, ಡಲ್ಲಾಸ್ ಬಳಿ ಪೆಟ್ರೋಲ್ ಬಂಕಿಗೆ ಹೊಂದಿಕೊಂಡ ಅಂಗಡಿಯೊಂದನ್ನು ನಡೆಸುತ್ತಿದ್ದೀರಿ, ರಾತ್ರಿ ಹನ್ನೊಂದರ ಮೇಲೆ ದಿನದ ನಗದು ಹಿಡಿದು ಒಬ್ಬರೇ ಮನೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಪರವಾನಗಿ, ಹೋಲ್‌ಸ್ಟರ್ ಮತ್ತು ಬೆಲ್ಟಿನ ಬಗ್ಗೆ ಕೇಳಿದ್ದೀರಿ. ಜೊತೆಗೆ, ನಿಮ್ಮ ಮನೆಯಲ್ಲೇ ಇರುವ, ಎಚ್-1ಬಿ ವೀಸಾದ ತಮ್ಮನನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಅವರಿಗೂ ಕಲಿಸಬಹುದೇ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ನಾನು ಆ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಯಾವ ತಪ್ಪನ್ನಾದರೂ ದುಡ್ಡು ಕೊಟ್ಟು ಸರಿಪಡಿಸಿಕೊಳ್ಳಬಹುದು, ಇದೊಂದನ್ನು ಆಗುವುದಿಲ್ಲ.

ಎಚ್-1ಬಿ, ಎಚ್-4, ಎಲ್-1, ಎಫ್-1 ಮೊದಲಾದ ತಾತ್ಕಾಲಿಕ ವೀಸಾಗಳಲ್ಲಿರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು 1998ರಿಂದ ನಿಷೇಧಿಸಿದೆ. ಬೇಟೆಯ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆಯೆಂಬುದು ನಿಜ, ಆದರೆ ವಲಸೆ ವಿಷಯದ ವಕೀಲರನ್ನು ಕೇಳದೆ ಯಾರೂ ಆ ವಿನಾಯಿತಿಯನ್ನು ನಂಬಿಕೊಂಡು ಹೆಜ್ಜೆ ಇಡಬಾರದು. ‘ವಶದಲ್ಲಿ’ ಎಂದರೆ ಸ್ವಂತದ್ದು ಎಂದೇ ಅರ್ಥವಲ್ಲ. ರೇಂಜಿನಲ್ಲಿ ಬಾಡಿಗೆಯ ಪಿಸ್ತೂಲನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ವಶವೇ. ಇದು ಗಂಭೀರ ಅಪರಾಧವಾದ್ದರಿಂದ ಜೈಲಿನ ಜೊತೆಗೆ ಗಡೀಪಾರೂ ಆಗಬಹುದು. ತಮ್ಮನನ್ನು ರೇಂಜಿಗೆ ಕರೆದೊಯ್ಯಬೇಡಿ, ಮನೆಯಲ್ಲಿ ಪಿಸ್ತೂಲಿಡುವ ಪೆಟ್ಟಿಗೆಯ ಬೀಗದ ಸಂಕೇತವನ್ನೂ ಅವರಿಗೆ ಹೇಳಬೇಡಿ. ಗ್ರೀನ್ ಕಾರ್ಡ್ ಇರುವ ನೀವು ಪಿಸ್ತೂಲನ್ನು ಕೊಳ್ಳಬಹುದು, ಪರವಾನಗಿಗೂ ಅರ್ಹರು. ಆದರೆ ಆಯುಧಕ್ಕೆ ಸಂಬಂಧಿಸಿದ ಅಪರಾಧ ನಿಮ್ಮ ಮೇಲೆ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದರೂ ಗಡೀಪಾರಿನ ಭಯ ತಪ್ಪಿದ್ದಲ್ಲ. ಇಲ್ಲೇ ಹುಟ್ಟಿದ ಪ್ರಜೆಯೊಬ್ಬ ದಂಡ ಕಟ್ಟಿ ಮರೆತುಬಿಡುವ ತಪ್ಪು ನಮ್ಮ ಇಡೀ ಸಂಸಾರವನ್ನು ಬುಡಸಮೇತ ಕಿತ್ತು ಹಾಕಬಲ್ಲದು.

ಇನ್ನು ಪರವಾನಗಿ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ, ಬಂದೂಕು ಹೊಂದಲು ಕಾನೂನಿನ ಅಡ್ಡಿಯಿಲ್ಲದ ವ್ಯಕ್ತಿ ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಒಯ್ಯಬಹುದು. ನಿಮ್ಮ ಸ್ವಂತ ಅಂಗಡಿಯೊಳಗೆ ಮತ್ತು ನಿಮ್ಮ ಕಾರಿನಲ್ಲಿ ಇಟ್ಟುಕೊಳ್ಳಲು ಅದಕ್ಕೂ ಮೊದಲೇ ಅವಕಾಶವಿತ್ತು. ಹಾಗಾದರೆ ಪರವಾನಗಿ ಯಾಕೆ ಬೇಕು ಎಂದು ಸ್ನೇಹಿತರು ನಿಮಗೆ ಹೇಳಿರಬಹುದು. ಆದರೂ ಮಾಡಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ಒಕ್ಕೂಟ ಕಾನೂನು ತಡೆಯುತ್ತದೆ, ಆದರೆ ಆಯಾ ರಾಜ್ಯದ ಪರವಾನಗಿ ಪಡೆದವರಿಗೆ ಅದರಿಂದ ವಿನಾಯಿತಿ ಇದೆ. ನಮ್ಮ ಬಡಾವಣೆಗಳಲ್ಲಿ ಮೂರು ರಸ್ತೆಗೊಂದು ಶಾಲೆ ಇರುವಾಗ ಇದು ಸಣ್ಣ ಮಾತಲ್ಲ. ಒಕ್ಲಹೋಮ, ಲೂಸಿಯಾನಾದಂಥ ರಾಜ್ಯಗಳು ಟೆಕ್ಸಸ್‌ನ ಪರವಾನಗಿಯನ್ನು ಮಾನ್ಯ ಮಾಡುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಮಾಡುವುದಿಲ್ಲ, ಅಲ್ಲಿನ ನೆಂಟರ ಮನೆಗೆ ಹೋಗುವಾಗ ಪಿಸ್ತೂಲು ಮನೆಯಲ್ಲೇ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಪರವಾನಗಿಯ ತರಗತಿಯಲ್ಲಿ ಕೂತಾಗ ಮಾತ್ರ ಯಾವಾಗ ಪಿಸ್ತೂಲನ್ನು ಹೊರತೆಗೆಯಬಾರದು ಎಂಬುದು ಮನಸ್ಸಿಗೆ ಇಳಿಯುತ್ತದೆ.

ಅರ್ಜಿಯನ್ನು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ, ಅಂದರೆ ಡಿಪಿಎಸ್‌ನ, ಜಾಲತಾಣದಲ್ಲೇ ಸಲ್ಲಿಸಬೇಕು. ಶುಲ್ಕ 140 ಡಾಲರ್ ಇದ್ದದ್ದು 2017ರ ಸೆಪ್ಟೆಂಬರ್‌ನಲ್ಲಿ 40 ಡಾಲರಿಗೆ ಇಳಿಯಿತು. ತರಗತಿಗೂ ಬೆರಳಚ್ಚಿಗೂ ಪ್ರತ್ಯೇಕವಾಗಿ ಕೊಡಬೇಕು. ತರಗತಿ ನಾಲ್ಕರಿಂದ ಆರು ಗಂಟೆಯದು. ಬಲಪ್ರಯೋಗದ ಕಾನೂನು, ಪಿಸ್ತೂಲಿನ ಸುರಕ್ಷಿತ ಬಳಕೆ, ಜಗಳವನ್ನು ಕೈಮಿಲಾಯಿಸದೆ ಶಮನ ಮಾಡುವ ಬಗೆ, ಮಕ್ಕಳ ಕೈಗೆ ಸಿಗದಂತೆ ಇಡುವ ಕ್ರಮ ಇವು ಪಾಠಗಳು. ಪಾಠದ ಭಾಗವನ್ನು ಅಂತರ್ಜಾಲದಲ್ಲಿ ಮುಗಿಸಲು ಅವಕಾಶವಿದ್ದರೂ, ಎದುರಿಗೆ ಕೂತು ಪ್ರಶ್ನೆ ಕೇಳಬಹುದಾದ ತರಗತಿಗೆ ಹೋಗುವುದೇ ಮೇಲು. ಗುಂಡು ಹಾರಿಸುವ ಪರೀಕ್ಷೆಯಲ್ಲಿ ಮನುಷ್ಯಾಕೃತಿಯ ಗುರಿಕಾಗದಕ್ಕೆ ಒಟ್ಟು 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕಗಳಲ್ಲಿ 175 ಬಂದರೆ ತೇರ್ಗಡೆ. ಎರಡು ಮೂರು ವಾರ ರೇಂಜಿಗೆ ಹೋಗಿ ಅಭ್ಯಾಸ ಮಾಡಿದವರಿಗೆ ಇದು ಕಷ್ಟವಲ್ಲ. ಮೊದಲ ಪರವಾನಗಿ ನಾಲ್ಕು ವರ್ಷಕ್ಕೆ, ನವೀಕರಿಸಿದ ಮೇಲೆ ಐದು ವರ್ಷಕ್ಕೆ. ಪಿಸ್ತೂಲು ಸೊಂಟದಲ್ಲಿರುವಾಗ ಪೊಲೀಸರು ಗುರುತುಪತ್ರ ಕೇಳಿದರೆ ಚಾಲನಾ ಪರವಾನಗಿಯ ಜೊತೆಗೆ ಇದನ್ನೂ ತೋರಿಸಬೇಕು. ತೋರಿಸುವ ಮೊದಲು ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು, ಪಿಸ್ತೂಲು ಎಲ್ಲಿದೆಯೆಂದು ಬಾಯಿಮಾತಿನಲ್ಲಿ ತಿಳಿಸಿ, ಅವರು ಹೇಳಿದ ಮೇಲೆಯೇ ಕೈ ಅಲ್ಲಾಡಿಸಿ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್ ಮುಹೂರ್ತದ ದಿನ ಕೋವಿಯನ್ನು ತೊಳೆದು ಒರೆಸಿ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವನಿಗೆ ಬಂದೂಕು ಎಂದರೆ ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಇರುವ ವಸ್ತು. ಸೊಂಟದಲ್ಲಿ, ಅಂಗಿಯ ಕೆಳಗೆ, ಗುಂಡು ತುಂಬಿದ ಪಿಸ್ತೂಲನ್ನು ಮೈಗೆ ತಾಗಿಸಿಕೊಂಡು ದಿನವಿಡೀ ಓಡಾಡುವುದು ಪೂರ್ತಿ ಬೇರೆಯೇ ವಿದ್ಯೆ. ನನಗೆ ಕೋವಿ ಗೊತ್ತು ಎಂಬ ಭರವಸೆಯಲ್ಲೇ ನಾನು ಮೊದಲ ಹೋಲ್‌ಸ್ಟರ್ ಕೊಳ್ಳುವಾಗ ತಪ್ಪು ಮಾಡಿದೆ. ಯಾವ ಪಿಸ್ತೂಲಿಗಾದರೂ ಆಗುತ್ತದೆ ಎಂದು ಹೇಳಿ ಅಂಗಡಿಯವರು ಕೊಟ್ಟ, ಮೆತ್ತನೆಯ ಬಟ್ಟೆಯ ಹದಿನೈದು ಡಾಲರಿನ ಒರೆ ಅದು. ಒಂದು ಚಳಿಗಾಲದ ಸಂಜೆ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಪಿಸ್ತೂಲಿನಲ್ಲಿ ತೆಗೆದು ಹಾಕುವ ಅಭ್ಯಾಸ ಮಾಡುತ್ತಿದ್ದೆ. ಬಟ್ಟೆಯ ಬಾಯಿ ಮುಚ್ಚಿಕೊಂಡಿದ್ದರಿಂದ ಒತ್ತಿ ತುರುಕಿದೆ. ‘ಟಕ್’ ಎಂದಿತು. ನನ್ನ ಬೆರಳು ಟ್ರಿಗರಿನ ಬಳಿಯೂ ಇರಲಿಲ್ಲ. ನೋಡಿದರೆ ಜಾಕೆಟ್ಟಿನ ಅಂಚಿನ ದಾರದ ಪ್ಲಾಸ್ಟಿಕ್ ಗುಂಡಿ ಟ್ರಿಗರಿನ ಸುತ್ತಲಿನ ಬಳೆಯೊಳಗೆ ಸಿಕ್ಕಿಕೊಂಡಿತ್ತು. ಗುಂಡು ತುಂಬಿದ್ದರೆ ಅದು ನನ್ನ ತೊಡೆಯ ಮೂಲಕ ನೆಲಕ್ಕೆ ಹೋಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಓದುತ್ತಿದ್ದಳು. ಆ ‘ಟಕ್’ ಶಬ್ದ ನನ್ನ ಕಿವಿಯಿಂದ ಇಂದಿಗೂ ಹೋಗಿಲ್ಲ.

ಆದ್ದರಿಂದ ಹೋಲ್‌ಸ್ಟರ್ ನಿಮ್ಮ ಪಿಸ್ತೂಲಿನ ಅದೇ ಮಾದರಿಗೆಂದು ಅಚ್ಚು ಹೊಯ್ದದ್ದಾಗಿರಬೇಕು. ಪಿಸ್ತೂಲಿಗೆ ದೀಪವನ್ನೋ ಕೆಂಪು ಚುಕ್ಕೆಯ ದೃಷ್ಟಿಯಂತ್ರವನ್ನೋ ಜೋಡಿಸಿದ್ದರೆ ಅದಕ್ಕೂ ಸೇರಿಸಿ ಮಾಡಿದ್ದಿರಬೇಕು. ಟ್ರಿಗರಿನ ಬಳೆ ಎರಡೂ ಬದಿಯಲ್ಲಿ ಪೂರ್ತಿ ಮುಚ್ಚಿರಬೇಕು, ಗಟ್ಟಿಯಾಗಿ ಮುಚ್ಚಿರಬೇಕು. ಹೊರಗಿನಿಂದ ಹೆಬ್ಬೆರಳಿನಿಂದ ಒತ್ತಿದರೂ ಟ್ರಿಗರ್ ಅಲ್ಲಾಡಬಾರದು. ಪಿಸ್ತೂಲು ಹೊರಗಿದ್ದಾಗಲೂ ಒರೆಯ ಬಾಯಿ ತೆರೆದೇ ಇರಬೇಕು. ಖಾಲಿ ಪಿಸ್ತೂಲನ್ನು ಒಳಗಿಟ್ಟು ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದರೆ ಅದು ಕೆಳಗೆ ಬೀಳಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಪಿಸ್ತೂಲಿನ ಆಕಾರಕ್ಕೆ ಒತ್ತಿ ಮಾಡಿದ ಒರೆಗಳು ಈ ಪರೀಕ್ಷೆಗಳಲ್ಲಿ ಸಲೀಸಾಗಿ ಗೆಲ್ಲುತ್ತವೆ. ಟೆಕ್ಸಸ್‌ನ ಬೇಸಿಗೆಯ ಬೆವರು ಅವಕ್ಕೆ ಏನೂ ಮಾಡುವುದಿಲ್ಲ. ಚರ್ಮ ಮೈಗೆ ಹಿತವಾಗಿರುತ್ತದೆ, ಆದರೆ ವರ್ಷಗಳು ಕಳೆದಂತೆ ಬಾಯಿಯ ಅಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುವುದುಂಟು, ಆ ಮಡಿಕೆಯೇ ಟ್ರಿಗರನ್ನು ಒತ್ತಬಲ್ಲದು. ಚರ್ಮವನ್ನೇ ಬಯಸುವುದಾದರೆ ಬಾಯಿಯ ಸುತ್ತ ಗಟ್ಟಿ ಪಟ್ಟಿ ಹೊಲಿದದ್ದನ್ನು ಕೊಳ್ಳಿ, ಮೆತ್ತಗಾದ ದಿನ ಬಿಸಾಡಿ.

ಜಾಗದ ವಿಷಯದಲ್ಲಿ ಪ್ಯಾಂಟಿನ ಒಳಬದಿಯಲ್ಲಿ ಇಡುವುದೇ ಮರೆಮಾಚಲು ಸುಲಭ. ಹೊಟ್ಟೆಯ ಮುಂಭಾಗದಲ್ಲಿಟ್ಟರೆ ಬೇಗ ಕೈಗೆ ಸಿಗುತ್ತದೆ, ಅಂಗಿಯಡಿ ಚೆನ್ನಾಗಿ ಮರೆಯಾಗುತ್ತದೆ, ಆದರೆ ನಳಿಗೆ ತೊಡೆಯ ದೊಡ್ಡ ರಕ್ತನಾಳದತ್ತ ಮುಖ ಮಾಡಿರುತ್ತದೆ. ಹೊಸಬರಿಗೆ ಬಲ ಸೊಂಟದ ಹಿಂಬದಿ, ಅಂದರೆ ಹೊಕ್ಕುಳನ್ನು ಹನ್ನೆರಡು ಎಂದುಕೊಂಡರೆ ಗಡಿಯಾರದ ನಾಲ್ಕು ಗಂಟೆಯ ಜಾಗ, ಹೆಚ್ಚು ನೆಮ್ಮದಿ. ಬೆನ್ನುಮೂಳೆಯ ನೇರಕ್ಕೆ ಮಾತ್ರ ಇಡಬೇಡಿ. ಜಾರಿ ಬಿದ್ದರೆ ಅದು ಬೆನ್ನಿಗೇ ಪೆಟ್ಟು. ನಮ್ಮವರಿಗೆಂದೇ ಒಂದು ಪರೀಕ್ಷೆ ಹೇಳುತ್ತೇನೆ, ಇಲ್ಲಿನ ಯಾವ ಬೋಧಕರೂ ಇದನ್ನು ಹೇಳುವುದಿಲ್ಲ. ಖಾಲಿ ಪಿಸ್ತೂಲನ್ನು ಸೊಂಟದಲ್ಲಿಟ್ಟು, ನೆಲದ ಮೇಲೆ ಚಕ್ಕಮಕ್ಕಳ ಹಾಕಿ ಊಟಕ್ಕೆ ಕೂತು ಏಳಿ. ಹಿರಿಯರ ಕಾಲಿಗೆ ಬೀಳುವಂತೆ ಬಗ್ಗಿ ನೋಡಿ. ಶೂ ಲೇಸ್ ಬಿಚ್ಚಿ ನೋಡಿ. ಪಿಸ್ತೂಲಿನ ಹಿಡಿ ಅಂಗಿಯನ್ನು ಎತ್ತಿ ತೋರಿಸುತ್ತಿದ್ದರೆ, ಅಥವಾ ಒರೆಯೇ ಪ್ಯಾಂಟಿನಿಂದ ಮೇಲಕ್ಕೆ ಜಾರುತ್ತಿದ್ದರೆ, ಬಾಗುವಿಕೆಯನ್ನೂ ಎತ್ತರವನ್ನೂ ತಿರುಪು ಸಡಿಲಿಸಿ ಬದಲಿಸಿ ನೋಡಿ. ಹಾಗೆ ಬದಲಿಸಲು ಆಗದ ಒರೆಯನ್ನು ಕೊಳ್ಳಲೇಬೇಡಿ.

ಬೆಲ್ಟನ್ನು ಎಲ್ಲರೂ ಕೊನೆಗೆ ಯೋಚಿಸುತ್ತಾರೆ, ನನ್ನ ಅನುಭವದಲ್ಲಿ ಅದೇ ಮೊದಲು. 15 ಗುಂಡು ತುಂಬಿದ ಗ್ಲಾಕ್ 19 ಪಿಸ್ತೂಲು ಸುಮಾರು 850 ಗ್ರಾಂ ತೂಗುತ್ತದೆ. ಊರಿನಿಂದ ತಂದ ಆಫೀಸಿನ ಬೆಲ್ಟಿಗೆ ಅದನ್ನು ಸಿಕ್ಕಿಸಿದರೆ ಸಂಜೆಯ ಹೊತ್ತಿಗೆ ಬಲಬದಿ ಜೋತು, ಹಿಡಿ ಹೊರಕ್ಕೆ ವಾಲಿ, ನೀವು ಗಳಿಗೆಗೊಮ್ಮೆ ಕೈಹಾಕಿ ಪ್ಯಾಂಟು ಮೇಲೆತ್ತಿಕೊಳ್ಳುತ್ತೀರಿ. ಪಿಸ್ತೂಲು ಇದೆಯೆಂದು ಊರಿಗೆಲ್ಲ ಸಾರುವುದು ಆ ಕೈಯೇ. ಒಂದೂವರೆ ಇಂಚು ಅಗಲದ, ಎರಡು ಪದರ ಚರ್ಮದ ನಡುವೆ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಇಟ್ಟು ಹೊಲಿದ ಬೆಲ್ಟ್ ಬೇಕು. ಅಡ್ಡಲಾಗಿ ತಿರುಚಿದರೆ ಅದು ಸುಲಭಕ್ಕೆ ತಿರುಚಿಕೊಳ್ಳಬಾರದು. ತೂತುಗಳಿಲ್ಲದೆ ಒಳಗಿನ ಹಲ್ಲುಪಟ್ಟಿಯ ಮೇಲೆ ಕಾಲು ಇಂಚಿನಂತೆ ಸರಿಯುವ ಬೆಲ್ಟುಗಳು ನನಗೆ ಹೆಚ್ಚು ಇಷ್ಟ, ಏಕೆಂದರೆ ಊಟವಾದ ಮೇಲೆ ಒಂದು ಹಲ್ಲು ಸಡಿಲಿಸಿದರೆ ಸಾಕು. ಮಾಮೂಲಿ ಬೆಲ್ಟಿನಲ್ಲಿ ಮುಂದಿನ ತೂತು ಒಂದು ಇಂಚು ದೂರವಿರುತ್ತದೆ. ಅಳತೆಯನ್ನು ಪ್ಯಾಂಟಿನ ಚೀಟಿ ನೋಡಿ ಹೇಳಬೇಡಿ. ಈಗ ಹಾಕುವ ಬೆಲ್ಟಿನ ಬಕಲ್ ಮಡಿಕೆಯಿಂದ ನೀವು ಬಳಸುವ ತೂತಿನವರೆಗೆ ಟೇಪು ಹಿಡಿದು ಅಳೆದು, ಒಳಬದಿಯ ಒರೆಗಾಗಿ ಒಂದೂವರೆಯಿಂದ ಎರಡು ಇಂಚು ಸೇರಿಸಿ. ಪ್ಯಾಂಟನ್ನೂ ಒಂದು ಅಳತೆ ದೊಡ್ಡದು ಕೊಳ್ಳಬೇಕಾದೀತು. ಹೋಲ್‌ಸ್ಟರಿನ ಕ್ಲಿಪ್ಪು ಬೆಲ್ಟಿನಷ್ಟೇ ಅಗಲಕ್ಕೆ ಇದೆಯೇ ಎಂದು ನೋಡಿ, ಸಡಿಲವಾದ ಕ್ಲಿಪ್ಪಿದ್ದರೆ ಪಿಸ್ತೂಲು ಎಳೆದಾಗ ಒರೆಯೂ ಜೊತೆಗೇ ಕೈಗೆ ಬರುತ್ತದೆ. ಜುಬ್ಬ ಪಿಸ್ತೂಲನ್ನು ಚೆನ್ನಾಗಿ ಮರೆಮಾಡುತ್ತದೆ. ಪಂಚೆ ಉಟ್ಟ ದಿನ ನಾನು ಪಿಸ್ತೂಲು ಒಯ್ಯುವುದೇ ಇಲ್ಲ.

ಎಲ್ಲಿ ಒಯ್ಯಬಾರದು ಎಂಬುದನ್ನು ತರಗತಿಯಲ್ಲಿ ವಿವರವಾಗಿ ಹೇಳುತ್ತಾರೆ: ಶಾಲೆ, ನ್ಯಾಯಾಲಯ, ಮತಗಟ್ಟೆ, ಅಂಚೆ ಕಚೇರಿ, ವಿಮಾನ ನಿಲ್ದಾಣದ ತಪಾಸಣೆಯ ಆಚೆಬದಿ, ಆದಾಯದ 51 ಶೇಕಡಾ ಅಥವಾ ಹೆಚ್ಚು ಮದ್ಯದಿಂದಲೇ ಬರುವ ಬಾರು. ಬಾರಿನ ಬಾಗಿಲಲ್ಲಿ ಕೆಂಪಕ್ಷರದ 51% ಫಲಕ ಇರುತ್ತದೆ. ಖಾಸಗಿ ಜಾಗದವರು ಇಂಗ್ಲಿಷ್ ಮತ್ತು ಸ್ಪ್ಯಾನಿಷಿನಲ್ಲಿ ಒಂದು ಇಂಚು ಎತ್ತರದ ಅಕ್ಷರಗಳಲ್ಲಿ ಟೆಕ್ಸಸ್ ದಂಡಸಂಹಿತೆಯ 30.06 ಎಂಬ ಸೆಕ್ಷನ್ನಿನ ಫಲಕ ಹಾಕಿದ್ದರೆ ಪರವಾನಗಿ ಇದ್ದರೂ ಮರೆಯಾಗಿ ಒಯ್ಯುವಂತಿಲ್ಲ. ದೇವಸ್ಥಾನಗಳ ಬಾಗಿಲಲ್ಲೂ ಇದನ್ನು ಹುಡುಕಿ ನೋಡಿ. ಅಂಥ ಕಡೆಗೆ ಹೋಗುವಾಗ ಕಾರಿನ ಆಸನಕ್ಕೆ ಉಕ್ಕಿನ ತಂತಿಯಿಂದ ಬಿಗಿದ ಬೀಗದ ಪೆಟ್ಟಿಗೆ ಬೇಕು, ಪಿಸ್ತೂಲನ್ನು ಒರೆಯ ಸಮೇತ ಬಿಚ್ಚಿ ಅದರಲ್ಲಿಡಿ. ಗ್ಲೋವ್ ಬಾಕ್ಸ್ ಬೀಗವಲ್ಲ. ಮನೆಯಲ್ಲಿ ಗುಂಡು ತುಂಬಿದ ಬಂದೂಕನ್ನು ಅಜಾಗ್ರತೆಯಿಂದ ಇಟ್ಟು ಅದು 17ರೊಳಗಿನ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಸ್‌ನಲ್ಲಿ ಅದೇ ಅಪರಾಧ.

ಒರೆ, ಬೆಲ್ಟ್ ಬಂದ ಮೇಲೆ ಒಂದು ವಾರ ಖಾಲಿ ಪಿಸ್ತೂಲನ್ನು ಮನೆಯೊಳಗೇ ಧರಿಸಿ ಓಡಾಡಿ. ಒಳಗೆ ಹಾಕುವಾಗ ಅಂಗಿಯನ್ನು ಎಡಗೈಯಿಂದ ಪೂರ್ತಿ ಮೇಲೆತ್ತಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಒರೆಯ ಬಾಯಿಯನ್ನು ಕಣ್ಣಿನಿಂದ ನೋಡಿ, ನಿಧಾನವಾಗಿ ಇಳಿಸಿ. ಸ್ವಲ್ಪ ತಡೆದರೂ ಒತ್ತದೆ ಹೊರತೆಗೆದು ನೋಡಿ. ಬೇಗ ತೆಗೆಯಬೇಕಾದ ಸಂದರ್ಭ ಬರಬಹುದು, ಬೇಗ ಹಾಕಬೇಕಾದ ಸಂದರ್ಭ ಎಂದೂ ಇಲ್ಲ. ವಾರಕ್ಕೊಮ್ಮೆ ಕ್ಲಿಪ್ಪಿನ ತಿರುಪುಗಳನ್ನು ಬಿಗಿ ಮಾಡಿ, ಅವು ನಡಿಗೆಗೆ ಸಡಿಲವಾಗುತ್ತವೆ. ಪಿಸ್ತೂಲು ಯಾವುದೆಂದು ನೀವು ಬರೆದಿಲ್ಲ. ಮಾದರಿಯನ್ನೂ, ನಾನು ಹೇಳಿದಂತೆ ಅಳೆದ ಬೆಲ್ಟಿನ ಅಳತೆಯನ್ನೂ, ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂತಿರುತ್ತೀರೋ ನಿಂತಿರುತ್ತೀರೋ ಎಂಬುದನ್ನೂ ಕೆಳಗೆ ತಿಳಿಸಿದರೆ ಯಾವ ಬಗೆಯ ಒರೆ ಹೊಂದುತ್ತದೆಂದು ಬರೆಯುತ್ತೇನೆ.