ಕ್ಯಾಮೆರಾ ವಾಪಸ್ ಕಳಿಸಿ ಅಂತ ಕಂಪನಿಯೇ ಹೇಳಿದಾಗ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಡಿಜಿಟಲ್ ಕ್ಯಾಮೆರಾಗಳ ರೀಕಾಲ್ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುತ್ತೇನೆ. ಹರಿಹರದವರೊಬ್ಬರ ಹತ್ತಿರ ನಿಕಾನ್ ಡಿ750 ಬಾಡಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಕೆಲವು ಫೋಟೊಗಳಲ್ಲಿ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತಿದೆ. ಈ ಮಾಡೆಲ್‌ಗೆ ಶಟರ್ ರೀಕಾಲ್ ಆಗಿತ್ತಂತೆ. ನನ್ನದೂ ಅದರಲ್ಲಿ ಬರುತ್ತಾ ಸರ್? ಸೀಸನ್ ನಡುವೆ ರಿಪೇರಿಗೆ ಕೊಟ್ಟರೆ ಕೆಲಸವೇ ನಿಂತುಹೋಗುತ್ತೆ.

ಉತ್ತರ: ರೀಕಾಲ್ ಆಗಿದ್ದು ನಿಜ. 2015ರ ಜುಲೈನಲ್ಲಿ ನಿಕಾನ್ ಮೊದಲ ಪ್ರಕಟಣೆ ಹೊರಡಿಸಿತು. ಕೆಲವು ಡಿ750ಗಳಲ್ಲಿ ಶಟರ್ ಸರಿಯಾಗಿ ಓಡದೆ ಚಿತ್ರದ ಒಂದು ಭಾಗಕ್ಕೆ ನೆರಳು ಬೀಳಬಹುದು ಎಂಬುದು ಅದರ ಸಾರ. 2016 ಮತ್ತು 2017ರಲ್ಲಿ ಇನ್ನಷ್ಟು ಸೀರಿಯಲ್ ನಂಬರ್‌ಗಳನ್ನು ಅದಕ್ಕೆ ಸೇರಿಸಿತು. ಆದರೆ ಮದುವೆ ಫೋಟೊದಲ್ಲಿ ಕಪ್ಪು ಪಟ್ಟಿ ಬಂತೆಂದರೆ ಮೊದಲ ಅನುಮಾನ ಫ್ಲ್ಯಾಶ್ ಮೇಲಿರಲಿ, ಎರಡನೆಯದು ಮಂಟಪದ ಎಲ್‌ಇಡಿ ಮೇಲೆ, ಕೊನೆಗೆ ಶಟರ್ ಮೇಲೆ.

ಶಟರ್‌ಗೆ ಎರಡು ಪರದೆ. ಮೊದಲನೆಯದು ಸರಿದು, ಚಿತ್ರ ಹಿಡಿಯುವ ಸೆನ್ಸರ್‌ಗೆ ಬೆಳಕು ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಡಿ750ರಲ್ಲಿ 1/200 ಸೆಕೆಂಡ್‌ವರೆಗೆ ಒಂದು ಕ್ಷಣಕ್ಕಾದರೂ ಪೂರ್ತಿ ಸೆನ್ಸರ್ ತೆರೆದಿರುತ್ತದೆ. ಅದಕ್ಕಿಂತ ಬಹಳ ವೇಗ ಇಟ್ಟರೆ ಮೊದಲನೆಯದು ತುದಿ ಮುಟ್ಟುವ ಮುಂಚೆಯೇ ಎರಡನೆಯದು ಹೊರಟುಬಿಡುತ್ತದೆ, ನಡುವೆ ಉಳಿಯುವುದು ಒಂದು ಸೀಳು ಮಾತ್ರ. ಆ ಗಳಿಗೆಯಲ್ಲಿ ಫ್ಲ್ಯಾಶ್ ಹೊಡೆದರೆ ಸೀಳಿನಷ್ಟೇ ಬೆಳಗುತ್ತದೆ, ಉಳಿದದ್ದು ಕಪ್ಪು. ಕಂಪನಿಯದೇ ಫ್ಲ್ಯಾಶ್ ಹಾಕಿದರೆ ಕ್ಯಾಮೆರಾ ಅದನ್ನು ಗುರುತಿಸಿ ವೇಗಕ್ಕೆ ತಾನೇ ಮಿತಿ ಹಾಕುತ್ತದೆ. ಒಂದೇ ಪಿನ್‌ನ ಅಗ್ಗದ ರೇಡಿಯೊ ಟ್ರಿಗರ್ (ದೂರದ ಫ್ಲ್ಯಾಶ್ ಹೊಡೆಸುವ ಸಾಧನ) ಹಾಕಿದಾಗ ಫ್ಲ್ಯಾಶ್ ಇದೆಯೆಂಬುದೇ ಅದಕ್ಕೆ ತಿಳಿಯದು, 1/500ಕ್ಕೂ ಸುಮ್ಮನೆ ಹೊಡೆಯುತ್ತದೆ. ಇಂಥ ಪಟ್ಟಿ ಪ್ರತಿ ಸಲ ಅದೇ ಅಂಚಿಗೆ, ಅದೇ ಅಗಲಕ್ಕೆ ಬರುತ್ತದೆ, ಫ್ಲ್ಯಾಶ್ ತೆಗೆದರೆ ಮಾಯ.

ಎಲ್‌ಇಡಿ ಪಟ್ಟಿಯ ಲಕ್ಷಣ ಬೇರೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕಡಿಮೆ ದರ್ಜೆಯ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/1000ರಲ್ಲಿ ತೆಗೆದಾಗ ಮಬ್ಬು ಪಟ್ಟೆಗಳು ಒಂದು ಫೋಟೊದಲ್ಲಿ ಮೇಲೆ, ಮತ್ತೊಂದರಲ್ಲಿ ಕೆಳಗೆ ಕಾಣುತ್ತವೆ. ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿ ನೋಡಿ, ಪಟ್ಟೆ ಹೋಯಿತೆಂದರೆ ಕ್ಯಾಮೆರಾದ್ದೇನೂ ತಪ್ಪಿಲ್ಲ.

ಇವೆರಡೂ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹಗಲಲ್ಲಿ ಹೊರಗೆ ಬನ್ನಿ. ಫ್ಲ್ಯಾಶ್ ತೆಗೆದುಹಾಕಿ, ನೆರಳಲ್ಲಿರುವ ಸುಣ್ಣದ ಗೋಡೆಗೆ ಗುರಿಯಿಟ್ಟು 1/4000ರಲ್ಲಿ ಒಂದು ನೂರು, 1/1000ರಲ್ಲಿ ಇನ್ನೊಂದು ನೂರು ಫೋಟೊ ತೆಗೆಯಿರಿ. ಶಟರ್ ದೋಷ ಬಿಟ್ಟುಬಿಟ್ಟು ಬರುವಂಥದ್ದು. ಹತ್ತು ಫೋಟೊ ನೋಡಿ ಸರಿಯಿದೆ ಎಂದುಬಿಡಬೇಡಿ. ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಸಣ್ಣ ಚಿತ್ರಗಳಾಗಿ ಒಟ್ಟಿಗೆ ಹರಡಿದರೆ ಮಂಕಾದದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ. ಒಂದು ಸಿಕ್ಕರೂ ಆ ಮೂಲ ಫೈಲ್ ಎಡಿಟ್ ಮಾಡದೆ ಹಾಗೇ ಇಟ್ಟುಕೊಳ್ಳಿ. ಸರ್ವೀಸ್ ಸೆಂಟರ್‌ನ ಮೇಜಿನ ಮೇಲೆ ದೋಷ ಕಾಣಿಸಿಕೊಳ್ಳದಿದ್ದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಸೀರಿಯಲ್ ನಂಬರ್ ಬಾಡಿಯ ತಳದಲ್ಲಿದೆ, ಅದು ನಿಕಾನ್ ಪ್ರಕಟಣೆಯ ಪಟ್ಟಿಯಲ್ಲಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಇನ್ನೊಂದು ಹೆಜ್ಜೆ ಬೇಕು: ಅದರಲ್ಲೇ ತೆಗೆದ ಫೋಟೊ ಫೈಲ್‌ನ ಎಕ್ಸಿಫ್ ಮಾಹಿತಿಯಲ್ಲಿ (ಕ್ಯಾಮೆರಾ ಪ್ರತಿ ಫೈಲಿಗೂ ತಾನೇ ಸೇರಿಸುವ ವಿವರ) ಕಾಣುವ ನಂಬರ್ ಜೊತೆ ತಳದ ನಂಬರ್ ತಾಳೆ ನೋಡಿ. ಎರಡೂ ಬೇರೆಯಾಗಿದ್ದರೆ ಕ್ಯಾಮೆರಾಗೆ ಹಿಂದೆ ಏನೋ ದೊಡ್ಡ ರಿಪೇರಿ ಆಗಿದೆ ಅಥವಾ ಯಾರೋ ಕೈಯಾಡಿಸಿದ್ದಾರೆ, ಮಾರಿದವರನ್ನೇ ಕೇಳಬೇಕು. ಟ್ರೈಪಾಡ್ ಸ್ಕ್ರೂ ತೂತಿನೊಳಗೆ ಕಪ್ಪು ಚುಕ್ಕೆ ಇದ್ದರೆ ಅದನ್ನು ಶಟರ್ ಬದಲಿಸಿದ ಗುರುತು ಅಂದುಕೊಳ್ಳಬೇಡಿ. ಅದು 2015ರ ಜನವರಿಯಲ್ಲಿ ಇದೇ ಮಾಡೆಲ್‌ಗೆ ಮಾಡಿಕೊಟ್ಟ ಫ್ಲೇರ್ (ತೀಕ್ಷ್ಣ ಬೆಳಕು ಚಿತ್ರದಲ್ಲಿ ಹರಡಿ ಕಾಣುವ ದೋಷ) ದುರಸ್ತಿಯದು.

ನಂಬರ್ ಪಟ್ಟಿಯಲ್ಲಿದ್ದರೂ ಇಷ್ಟು ವರ್ಷದ ಮೇಲೆ ಉಚಿತವೇ ಎಂಬುದನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಇನ್ನು ಸೀಸನ್ ಮಾತು. ಶಟರ್ ದೋಷ ಚಿತ್ರ ಕೆಡಿಸುತ್ತದೆ, ಮನುಷ್ಯರಿಗೆ ಅಪಾಯ ಮಾಡುವುದಿಲ್ಲ. ಆಷಾಢದಲ್ಲಿ ಹೇಗೂ ಲಗ್ನವಿಲ್ಲ, ಆಗ ಕಳಿಸಿ. ಅಲ್ಲಿಯವರೆಗೆ ಧಾರೆಯ ಹೊತ್ತಿಗೆ ಈ ಬಾಡಿಯೊಂದನ್ನೇ ನಂಬಿ ನಿಲ್ಲಬೇಡಿ. ಬಾಡಿಗೆಗಾದರೂ ಇನ್ನೊಂದು ತನ್ನಿ, ಧಾರೆಯನ್ನು ಮತ್ತೆ ಎರೆಸಲಾಗದು.

ಕಳಿಸುವಾಗ ಲೆನ್ಸ್, ಮೆಮೊರಿ ಕಾರ್ಡ್, ಬ್ಯಾಟರಿ, ಬೆಲ್ಟ್ ಎಲ್ಲ ಬಿಚ್ಚಿ, ಬಾಡಿ ಕ್ಯಾಪ್ ಹಾಕಿ. ಬಬಲ್ ಶೀಟ್ ಸುತ್ತಿ ಸಣ್ಣ ಡಬ್ಬದಲ್ಲಿಟ್ಟು, ಅದನ್ನು ಎಲ್ಲ ಬದಿಗೂ ಐದು ಸೆಂಟಿಮೀಟರ್ ತುಂಬುವಷ್ಟು ದೊಡ್ಡ ಡಬ್ಬದಲ್ಲಿಡಿ. ಇರುವ ಗೀರು, ತಗ್ಗು, ಸೀರಿಯಲ್ ನಂಬರ್ ಎಲ್ಲದರ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಜಾಬ್ ಶೀಟ್‌ನಲ್ಲಿ ‘ಚೆಕಪ್’ ಎಂದಷ್ಟೇ ಬರೆದರೆ ಅದು ಮಾಮೂಲಿ ರಿಪೇರಿಯಾಗಿ ಬಿಲ್ ಬರುತ್ತದೆ. ‘ಶಟರ್ ಕುರಿತ ಸರ್ವೀಸ್ ಪ್ರಕಟಣೆ’ ಎಂದೇ ಬರೆಸಿ. ವಾಪಸ್ ಬಂದಾಗ ಗೋಡೆಯ ಪರೀಕ್ಷೆ ಮತ್ತೆ ಮಾಡಿ. ಜೊತೆಗೆ ಲೆನ್ಸ್‌ನ ಕಿಂಡಿ ಕಿರಿದಾಗುವಂತೆ ಎಫ್/16 ಇಟ್ಟು ಬರೀ ಆಕಾಶದ್ದೊಂದು ಫೋಟೊ ತೆಗೆದು ನೋಡಿ. ಶಟರ್ ಬದಲಿಸುವಾಗ ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಮಸುಕು ಚುಕ್ಕೆಗಳಾಗಿ ಕಾಣುತ್ತದೆ.

ಪ್ರಶ್ನೆ: ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಕ್ಯಾಮೆರಾದ ಬ್ಯಾಟರಿ ರೀಕಾಲ್ ಆಗಿದೆ, ಬಳಸಬೇಡಿ ಅಂತ ಕಂಪನಿ ಹೇಳಿದೆ. ಆದರೆ ಊದಿಲ್ಲ, ಚಾರ್ಜೂ ಚೆನ್ನಾಗಿ ನಿಲ್ಲುತ್ತೆ. ಹೊಸದು ಬರೋವರೆಗೆ ಬಳಸಬಹುದಾ?

ಉತ್ತರ: ಬೇಡ. ಮೇಲಿನವರಿಗೆ ಆಷಾಢದವರೆಗೆ ಕಾಯಿರಿ ಎಂದೆವು. ನಿಮಗೆ ಈ ಹೊತ್ತೇ ಬ್ಯಾಟರಿಯನ್ನು ಕ್ಯಾಮೆರಾದಿಂದಲೂ ಚಾರ್ಜರ್‌ನಿಂದಲೂ ಹೊರಗೆ ತೆಗೆಯಿರಿ ಎನ್ನುತ್ತೇವೆ. ರೀಕಾಲ್ ಎಂಬ ಹೆಸರು ಒಂದೇ ಆದರೂ ಚಿತ್ರ ಕೆಡಿಸುವ ದೋಷ ಬೇರೆ, ಬೆಂಕಿ ಹೊತ್ತಿಸಬಲ್ಲ ದೋಷ ಬೇರೆ. ಲಿಥಿಯಂ ಅಯಾನ್ ಸೆಲ್‌ನೊಳಗೆ ಎರಡು ಪದರಗಳ ನಡುವೆ ಶಾರ್ಟ್ ಆದರೆ ಬಿಸಿ ತನ್ನನ್ನು ತಾನೇ ಏರಿಸಿಕೊಳ್ಳುತ್ತ ಹೋಗುತ್ತದೆ. ಊದುವುದು ಹಾಳಾದ ಬ್ಯಾಟರಿಯ ಒಂದು ಲಕ್ಷಣ ಅಷ್ಟೆ. ಊದಿಲ್ಲ ಎಂಬುದು ಒಳಗೆ ಎಲ್ಲ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ.

ನಿಮ್ಮದು ನಿಜಕ್ಕೂ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಬ್ಯಾಟರಿ ರೀಕಾಲ್‌ನಲ್ಲಿ ಕ್ಯಾಮೆರಾದ ಸೀರಿಯಲ್ ನಂಬರ್‌ಗೆ ಬೆಲೆಯಿಲ್ಲ, ಬ್ಯಾಟರಿಯ ಮೇಲಿನ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾಯಿತೆಂದು ತೋರಿಸುವ ಸಂಖ್ಯೆ) ಬೇಕು. ಉದಾಹರಣೆಗೆ 2012ರಲ್ಲಿ ನಿಕಾನ್‌ನ ಇಎನ್-ಇಎಲ್15 ಬ್ಯಾಟರಿಗಳನ್ನು ವಾಪಸ್ ಕರೆದಾಗ, 14 ಅಕ್ಷರಗಳ ಲಾಟ್ ನಂಬರ್‌ನಲ್ಲಿ ಒಂಬತ್ತನೆಯದು ‘ಇ’ ಅಥವಾ ‘ಎಫ್’ ಇದ್ದವನ್ನು ಮಾತ್ರ ಬದಲಿಸಿಕೊಟ್ಟರು. ಡೂಪ್ಲಿಕೇಟ್ ಬ್ಯಾಟರಿ ಇದ್ದರೆ ಅದಕ್ಕೆ ರೀಕಾಲ್ ಅನ್ವಯಿಸುವುದೇ ಇಲ್ಲ.

ಬ್ಯಾಟರಿಯ ಲೋಹದ ಸಂಪರ್ಕಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ, ಮುಚ್ಚಳ ಬಿಗಿಯಿಲ್ಲದ ಸ್ಟೀಲ್ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರೊಳಗಿಡಿ. ನೆರಳಿರಲಿ, ಬಟ್ಟೆ, ಕಾಗದ, ಹಾಸಿಗೆ ಹತ್ತಿರ ಬೇಡ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಂತೂ ಬೇಡವೇ ಬೇಡ. ಫ್ರಿಜ್‌ನಲ್ಲಿಡುವುದು ಇನ್ನೊಂದು ತಪ್ಪು, ತೇವ ಕೂರುತ್ತದೆ. ಊದಿ ಕ್ಯಾಮೆರಾದೊಳಗೇ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಹೊದಿಕೆ ತೂತಾದರೆ ಅಲ್ಲೇ ಹೊತ್ತಿಕೊಳ್ಳುತ್ತದೆ.

ಮಾಮೂಲಿ ಕೊರಿಯರ್ ಡಬ್ಬಕ್ಕೆ ಇದನ್ನು ಹಾಕುವಂತಿಲ್ಲ. ಸುರಕ್ಷತೆಯ ದೋಷವಿದೆಯೆಂದು ತಯಾರಕರೇ ಗುರುತಿಸಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದು ಅಂತರರಾಷ್ಟ್ರೀಯ ನಿಯಮದಂತೆ ನಿಷಿದ್ಧ. ಹೇಗೆ ಕಳಿಸಬೇಕೆಂದು ಕಂಪನಿಯನ್ನೇ ಕೇಳಿ. ಎಷ್ಟೋ ಸಲ ಲಾಟ್ ನಂಬರ್‌ನ ಫೋಟೊ ಕಳಿಸಿದರೆ ಸಾಕು, ಹೊಸದು ಬರುತ್ತದೆ. ಹಳೆಯದು ನಿಮ್ಮ ಹತ್ತಿರವೇ ಉಳಿದರೆ ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸುವ ಹೊಣೆ ಉತ್ಪಾದಕರದ್ದು. ಎಲ್ಲಿಗೆ ಒಪ್ಪಿಸಬೇಕೆಂದು ಅದೇ ಇಮೇಲ್‌ನಲ್ಲಿ ಕೇಳಿ.

ಪ್ರಶ್ನೆ: ನಾನು ಚಿತ್ರದುರ್ಗದ ಕಾಲೇಜು ವಿದ್ಯಾರ್ಥಿನಿ. ಅಣ್ಣನ ಕ್ಯಾನನ್ 650ಡಿ ಹಿಡಿದು ಕೋಟೆ ಹತ್ತಿ ಫೋಟೊ ತೆಗೆಯುತ್ತಿರುತ್ತೇನೆ. ಹಿಡಿಯುವ ರಬ್ಬರ್ ಬೆಳ್ಳಗಾಗಿದೆ. ಇದಕ್ಕೂ ರೀಕಾಲ್ ಇತ್ತಂತೆ, ಕೈಗೆ ಅಲರ್ಜಿ ಆಗುತ್ತಾ?

ಉತ್ತರ: 2012ರಲ್ಲಿ ಇತ್ತು. ಆ ವರ್ಷದ ಮೇ 31ರಿಂದ ಜೂನ್ 15ರ ನಡುವೆ ತಯಾರಾದ ಕೆಲವು ಬಾಡಿಗಳ ರಬ್ಬರ್‌ನಲ್ಲಿ ಒಂದು ಸತು ಸಂಯುಕ್ತ ಉಂಟಾಗಿ, ಸ್ವಲ್ಪ ಕಾಲದಲ್ಲೇ ಕಪ್ಪು ಬಣ್ಣ ಬಿಳಿಚಿಕೊಳ್ಳುತ್ತಿತ್ತು. ಅದು ಕೆಲವರಿಗೆ ಅಲರ್ಜಿ ಉಂಟುಮಾಡಬಹುದು ಎಂದು ಕ್ಯಾನನ್ ಹೇಳಿ ರಬ್ಬರ್ ಬದಲಿಸಿಕೊಟ್ಟಿತು. ಸೀರಿಯಲ್ ನಂಬರ್‌ನ ಆರನೆಯ ಅಂಕಿ 1 ಇದ್ದವು ಆ ಪಟ್ಟಿಯಲ್ಲಿದ್ದವು. ಈ ಸೂತ್ರವನ್ನು ಬೇರೆ ಮಾಡೆಲ್‌ಗೆ ಹಚ್ಚಬೇಡಿ. ಅದೇ ವರ್ಷ ಕ್ಯಾನನ್‌ನದೇ 5ಡಿ ಮಾರ್ಕ್ 3ರಲ್ಲಿ ಮೇಲಿನ ಡಿಸ್‌ಪ್ಲೇ ದೀಪ ಕತ್ತಲಲ್ಲಿ ಬೆಳಕಿನ ಅಳತೆ ಕೆಡಿಸುತ್ತಿದ್ದ ದೋಷಕ್ಕೂ ಆರನೆಯ ಅಂಕಿಯನ್ನೇ ನೋಡಬೇಕಿತ್ತು, ಆದರೆ ಅಲ್ಲಿ 1 ಮತ್ತು 2 ಎರಡೂ ಸೇರಿದ್ದವು.

ನಿಮ್ಮದು ಈಗ, ಇಷ್ಟು ವರ್ಷ ಬಿಟ್ಟು ಬೆಳ್ಳಗಾಗಿದ್ದರೆ ಬೆವರು, ಬಿಸಿಲಿಗೆ ಹಳೆಯ ರಬ್ಬರ್ ಬಿಳಿಚಿದ್ದಿರಬಹುದು. ಅಂಕಿ ಹೊಂದಿದರೂ ಹೊಂದದಿದ್ದರೂ ಬಳಸಿದ ಮೇಲೆ ಕೈ ತೊಳೆದುಕೊಳ್ಳಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ಸ್ಪಿರಿಟ್, ಥಿನ್ನರ್ ಹಾಕಿ ಒರೆಸಿದರೆ ರಬ್ಬರ್ ಜಿಗುಟಾಗುತ್ತದೆ.

ಪ್ರಶ್ನೆ: ಹೊಸದುರ್ಗದ ನಮ್ಮ ಮನೆಯ ಬೀರುವಿನಲ್ಲಿ 2004ರ ಸಣ್ಣ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ಆನ್ ಆಗುತ್ತೆ, ಆದರೆ ಪರದೆ ತುಂಬ ನೇರಳೆ ಗೆರೆಗಳು. ಸರಿಯಾಗುತ್ತಾ?

ಉತ್ತರ: ಮೆನು ತೆರೆಯಿರಿ, ಕಾರ್ಡ್‌ನಲ್ಲಿರುವ ಹಳೆ ಫೋಟೊ ತೆರೆಯಿರಿ. ಅವೆರಡೂ ಚೊಕ್ಕವಾಗಿ ಕಂಡು, ಎದುರಿಗಿನ ದೃಶ್ಯ ಮಾತ್ರ ಗೆರೆಗೆರೆಯಾಗಿ ಅಥವಾ ಕಪ್ಪಾಗಿ ಕಂಡರೆ ಕೆಟ್ಟಿದ್ದು ಪರದೆಯಲ್ಲ, ಸೆನ್ಸರ್. 2005ರ ಅಕ್ಟೋಬರ್ ಸುಮಾರಿಗೆ ಕ್ಯಾನನ್, ನಿಕಾನ್, ಫ್ಯೂಜಿ ಮುಂತಾದ ಹಲವು ಕಂಪನಿಗಳು ಒಂದರ ಹಿಂದೊಂದು ಇದೇ ಪ್ರಕಟಣೆ ಹೊರಡಿಸಿದವು. ಎಲ್ಲವೂ ಸೋನಿ ತಯಾರಿಸಿದ ಸಿಸಿಡಿ ಸೆನ್ಸರ್ ಬಳಸಿದ್ದವು. ಬಿಸಿ ಮತ್ತು ತೇವದ ವಾತಾವರಣದಲ್ಲಿ ಸೆನ್ಸರ್‌ನೊಳಗಿನ ಸೂಕ್ಷ್ಮ ತಂತಿಗಳ ಬೆಸುಗೆ ಬಿಡುತ್ತಿತ್ತು. ಆಗ ಉಚಿತವಾಗಿ ಬದಲಿಸಿಕೊಟ್ಟಿದ್ದರು, ಇಂದು ಅದಕ್ಕೆ ಭಾಗ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ದುಡ್ಡು ಹಾಕಬೇಡಿ. ಕಾರ್ಡ್‌ನಲ್ಲಿರುವ ಫೋಟೊಗಳನ್ನು ಮಾತ್ರ ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಸ್ಟುಡಿಯೊ ಇದೆ. ರೀಕಾಲ್ ಪಟ್ಟಿಯಲ್ಲಿ ನಮ್ಮ ಕ್ಯಾಮೆರಾ ಇದ್ದರೂ ಸರ್ವೀಸ್ ಸೆಂಟರ್‌ನವರು ‘ಬಿಲ್ ಇಲ್ಲ, ದುಡ್ಡು ಕಟ್ಟಿ’ ಎನ್ನುತ್ತಿದ್ದಾರೆ. ಬಿಲ್ ಕಳೆದುಹೋಗಿದೆ. ಬೆಂಗಳೂರಿಗೆ ಅಲೆಯಬೇಕಾ? ವ್ಯಾಪಾರಕ್ಕೆ ಬಳಸೋರಿಗೆ ಗ್ರಾಹಕ ಕೋರ್ಟ್ ಇಲ್ಲ ಅಂತಾನೂ ಹೇಳಿದರು.

ಉತ್ತರ: ವಾರಂಟಿ ಬೇರೆ, ರೀಕಾಲ್ ಬೇರೆ. ವಾರಂಟಿಗೆ ಕೊಂಡ ತಾರೀಕು ಬೇಕು, ಅದಕ್ಕೇ ಬಿಲ್. ರೀಕಾಲ್ ನಿಂತಿರುವುದು ತಯಾರಿಕೆಯ ಮೇಲೆ, ಅದಕ್ಕೆ ಸೀರಿಯಲ್ ನಂಬರ್ ಸಾಕಾಗಬೇಕು. ಕೌಂಟರ್‌ನಲ್ಲಿರುವ ಹುಡುಗರಿಗೆ ಈ ವ್ಯತ್ಯಾಸ ಎಷ್ಟೋ ಸಲ ಗೊತ್ತಿರುವುದಿಲ್ಲ. ಅವರ ಜೊತೆ ಜಗಳ ಬೇಡ. ಪ್ರಕಟಣೆಯ ಪ್ರತಿ, ಸೀರಿಯಲ್ ನಂಬರ್‌ನ ಫೋಟೊ, ದುಡ್ಡು ಕೇಳಿದ ಅಂದಾಜು ಪಟ್ಟಿ ಮೂರನ್ನೂ ಸೇರಿಸಿ ಕಂಪನಿಯ ಭಾರತದ ಕಚೇರಿಗೆ ಇಮೇಲ್ ಮಾಡಿ, ಉತ್ತರಕ್ಕೆ 15 ದಿನ ಕೊಡಿ. ನಿಮ್ಮದು ಗ್ರೇ ಮಾರ್ಕೆಟ್ ಮಾಲಾಗಿದ್ದರೆ ಕಷ್ಟವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ತಾವು ಆಮದು ಮಾಡದ ಬಾಡಿಯನ್ನು ಇಲ್ಲಿನ ಕಚೇರಿ ಮುಟ್ಟದೆ ಇರಬಹುದು. ಆಗ ಅದು ಯಾವ ದೇಶಕ್ಕೆ ಮಾರಾಟವಾಗಿತ್ತೋ ಅಲ್ಲಿನ ಕಚೇರಿಗೇ ಬರೆಯಬೇಕಾದೀತು.

ಕಂಪನಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಹಳಷ್ಟು ತಕರಾರು ಅಲ್ಲೇ ಮುಗಿಯುವಂಥವು. ಮುಗಿಯದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಬೆಂಗಳೂರಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಗ್ರಾಹಕ ದೂರುಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.

ವ್ಯಾಪಾರದ ಮಾತು ಅರ್ಧ ನಿಜ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುತ್ತದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾವೇ ಬಳಸುವವರನ್ನು ಆ ಮಾತಿನಿಂದ ಹೊರಗಿಟ್ಟಿದೆ. ನೀವೇ ಕ್ಯಾಮೆರಾ ಹಿಡಿದು ಫೋಟೊ ತೆಗೆಯುವವರಾದರೆ ದೂರಿನ ಮೊದಲ ಪ್ಯಾರಾದಲ್ಲೇ ‘ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಕೊಂಡದ್ದು’ ಎಂದು ಬರೆಯಿರಿ. ಎದುರಿನವರ ವಕೀಲರು ಎತ್ತುವ ಮೊದಲ ಆಕ್ಷೇಪ ಬಹುಶಃ ಇದೇ. ಬಿಲ್ ಬದಲಿಗೆ ಅಂದು ದುಡ್ಡು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಕಂತಿನ ಕಾಗದ ಲಗತ್ತಿಸಿ. ಅಂಗಡಿಯವರ ಕಂಪ್ಯೂಟರ್‌ನಲ್ಲಿ ಹಳೆ ಬಿಲ್‌ನ ಪ್ರತಿ ಇದ್ದರೂ ಇದ್ದೀತು, ಒಮ್ಮೆ ಹೋಗಿ ಕೇಳಿ.